ಶನಿವಾರದ ಪೇಷಂಟ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮ ಕಥೆ ಹೇಳುವ ಕೈ ನನ್ನದಲ್ಲ. ನನ್ನ ಕೈಗೆ ಅಭ್ಯಾಸವಿರುವುದು ಬ್ಯಾಂಡೇಜ್ ಸುತ್ತುವುದು, ನಾಡಿ ಹಿಡಿಯುವುದು, ರೋಗಿ ಮಲಗಿದ್ದಂತೆಯೇ ಅವರ ಕೆಳಗಿನ ಬೆಡ್‌ಶೀಟ್ ಬದಲಾಯಿಸುವುದು. ನಾಲ್ಕು ವಾಕ್ಯ ನೆಟ್ಟಗೆ ಬರೆಯಲು ಕಲಿತದ್ದು ಸಂಜೆ ತರಗತಿಯಲ್ಲಿ, ಹಗಲೆಲ್ಲ ಲಾಂಡ್ರಿ ಅಂಗಡಿಯಲ್ಲಿ ಯಾರ್ಯಾರದೋ ಶರ್ಟುಗಳಿಗೆ ನಂಬರಿನ ಚೀಟಿ ಕಟ್ಟಿ ದಣಿದ ಮೇಲೆ. ಎಲ್ಲಾದರೂ ಮಾತು ಮುಗ್ಗರಿಸಿದರೆ ಓದುವವರೇ ಹಿಡಿದುಕೊಳ್ಳಬೇಕು.

ಕಥೆಯಲ್ಲಿ ಒಬ್ಬ ಅಜ್ಜಿ ಬರುತ್ತಾರೆ. ಅವರ ಕಾಯಿಲೆಯ ವಿಷಯ ಬರೆಯಬಹುದೇ ಎಂದು ಅವರನ್ನೇ ಕೇಳಿ ಒಪ್ಪಿಗೆ ಪಡೆದಿದ್ದೇನೆ. "ಬರ್ಕೋ, ಆದ್ರೆ ನಾನು ಗೊರಕೆ ಹೊಡೀತಿದ್ದೆ ಅಂತ ಮಾತ್ರ ಬರೀಬೇಡ" ಎಂದಿದ್ದರು. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಅಯ್ಯೋ, ಈಗ ಬರೆದಂತೆಯೇ ಆಯಿತೇ?

ಇರಲಿ, ಶುರು ಮಾಡುತ್ತೇನೆ.

ನರ್ಸಿಂಗ್ ಓದುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಎಲ್ಲಿ ಓದಬೇಕು ಎಂಬುದಕ್ಕೆ ಮಾತ್ರ ಮನೆ ಇಬ್ಭಾಗವಾಯಿತು. ಡೆಲಿವರಿ ವ್ಯಾನ್ ಓಡಿಸುವ ಅಣ್ಣ, ದೂರದ ನಗರದ ದೊಡ್ಡ ಕಾಲೇಜಿನ ಮುಂದೆ ಹಾದುಹೋಗುವಾಗಲೆಲ್ಲ ಅದರ ಗಾಜಿನ ಗೋಡೆ ನೋಡಿ ಮರುಳಾಗಿದ್ದ.

"ಓದಿದ್ರೆ ಅಲ್ಲಿ ಓದ್ಬೇಕು. ಇಲ್ಲೇನಿದೆ? ಆಸ್ಪತ್ರೆ ಹಿಂದೆ ಒಂದು ಹಳೇ ಕಟ್ಟಡ. ಹಿತ್ತಲ ಗಿಡ ಮದ್ದಲ್ಲ ಕಣೇ."

"ಮದ್ದಲ್ಲ ಅನ್ನೋರು ಒಂದ್ಸಲನಾದ್ರೂ ಹಿತ್ತಲಿಗೆ ಹೋಗಿ ನೋಡಿರ್ಬೇಕು," ಎಂದರು ಅತ್ತಿಗೆ, ಲೋಟ ಒರೆಸುತ್ತಾ.

"ಎಲ್ಲಿ ಓದಿದ್ರೂ ಸೂಜಿ ಚುಚ್ಚೋದು ಒಂದೇ ತರ ಅಲ್ವೇನೋ?" ಎಂದರು ಅಮ್ಮ.

ನನಗೆ ಎಲ್ಲರ ಮಾತೂ ಸರಿ ಎನಿಸುತ್ತಿತ್ತು. ಅದು ನನ್ನ ಹಳೆಯ ಕಾಯಿಲೆ.

ದೊಡ್ಡ ಕಾಲೇಜನ್ನು ಮೊದಲು ನೋಡಿಬಂದೆ. ಅಲ್ಲಿನ ಲ್ಯಾಬಿನಲ್ಲಿ ಮನುಷ್ಯರಷ್ಟೇ ಎತ್ತರದ ಗೊಂಬೆಗಳು ಮಲಗಿದ್ದವು. ಅವು ಉಸಿರಾಡುತ್ತಿದ್ದವು, ಕಣ್ಣು ಮಿಟುಕಿಸುತ್ತಿದ್ದವು, ಕೈ ಹಿಡಿದರೆ ನಾಡಿ ಬಡಿಯುತ್ತಿತ್ತು. ನನ್ನ ಬ್ಯಾಗು ಒಂದು ಮಂಚಕ್ಕೆ ತಗುಲಿತು. "ಸಾರಿ" ಎಂದೆ. ಗೊಂಬೆಗೆ. ತೋರಿಸುತ್ತಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ಗೊಂಬೆ ಏನೂ ಹೇಳಲಿಲ್ಲವಲ್ಲ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು.

ನಮ್ಮೂರಿನ ನರ್ಸಿಂಗ್ ಸ್ಕೂಲಿಗೆ ಹೋದದ್ದು ಒಂದು ಶನಿವಾರ. ಆಫೀಸು ಎಲ್ಲಿದೆ ಎಂದು ಹುಡುಕುತ್ತಾ ಕಾರಿಡಾರಿನಲ್ಲಿ ನಡೆಯುತ್ತಿದ್ದೆ. ಅರ್ಧ ತೆರೆದ ಒಂದು ಬಾಗಿಲಿನಿಂದ ನರಳಾಟ ಕೇಳಿಸಿತು. ಇಣುಕಿದೆ. ಕಬ್ಬಿಣದ ಮಂಚದ ಮೇಲೆ ಒಬ್ಬ ಯುವಕ ಮೊಣಕಾಲು ಮಡಚಿಕೊಂಡು, ಹೊಟ್ಟೆ ಹಿಡಿದು ಹೊರಳುತ್ತಿದ್ದ. ಹಣೆಯ ತುಂಬ ಬೆವರು. ಕೋಣೆಯಲ್ಲಿ ಯಾರೂ ಇಲ್ಲ. ಆಚೆ ಬದಿಗೆ ಒಂದು ಹಸಿರು ಪರದೆ ಮಾತ್ರ.

ನನಗೆ ಆಗ ನರ್ಸಿಂಗಿನ ಗಂಧಗಾಳಿಯೂ ಇರಲಿಲ್ಲ. ಬ್ಯಾಗನ್ನು ನೆಲಕ್ಕೆ ಬಿಸಾಕಿ ಓಡಿಹೋಗಿ ಅವನ ಕೈ ಹಿಡಿದೆ.

"ಏನಾಯ್ತು? ಎಲ್ಲಿ ನೋವು? ಹೆದರ್ಕೋಬೇಡಿ! ಅಯ್ಯೋ, ಯಾರಾದ್ರೂ ಬನ್ರಿ! ಇಲ್ಲೊಬ್ಬರು ಸಾಯ್ತಾ ಇದ್ದಾರೆ!"

ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ. ನೋವಿನಲ್ಲಿರುವವರ ಕಣ್ಣಿನಲ್ಲಿ ಅಷ್ಟೊಂದು ಆಶ್ಚರ್ಯ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನರಳಾಟ ಒಂದು ಕ್ಷಣ ನಿಂತಿತು. ಆಮೇಲೆ ನೆನಪಾದವನಂತೆ ಮತ್ತೆ ನರಳಿದ. ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. 'ಟಿಣ್' ಎಂದು ಮೇಜಿನ ಗಂಟೆ ಸದ್ದಾಯಿತು. ಪರದೆ ಸರಿಯಿತು. ನೀಲಿ ಯೂನಿಫಾರ್ಮಿನ ಹುಡುಗಿಯರು ಸಾಲಾಗಿ ನಿಂತಿದ್ದರು; ಅವರ ಪಕ್ಕದಲ್ಲಿ ಗಿಡ್ಡನೆಯ, ದಪ್ಪ ಕನ್ನಡಕದ ಟ್ಯೂಟರ್ ಮೇಡಂ.

ನಲ್ಲಿ ನಿಲ್ಲಿಸಿದಂತೆ ಅವನ ನರಳಾಟ ನಿಂತಿತು. ಎದ್ದು ಕುಳಿತ. "ಸಾಯೋ ಅಂಥದ್ದೇನಿಲ್ಲ ರೀ," ಎಂದ. "ಬರೀ ಅಪೆಂಡಿಕ್ಸು."

ಹಣೆಯ ಮೇಲಿದ್ದದ್ದು ಬೆವರಲ್ಲ, ಚಿಮುಕಿಸಿದ ನೀರು.

"ನಮ್ಮ ಹತ್ರ ಕಣ್ಣು ಮಿಟುಕಿಸೋ ಗೊಂಬೆ ಇಲ್ಲಮ್ಮ," ಎಂದರು ಮೇಡಂ. "ಅದಕ್ಕೆ ಊರಿನೋರೇ ಶನಿವಾರ ಬಂದು ಪೇಷಂಟ್ ಆಗ್ತಾರೆ. ಇವರು ಮಾರ್ಕೆಟ್ ಮೂಲೆ ಕನ್ನಡಕದ ಅಂಗಡಿಯವರು." ಆಮೇಲೆ ಹುಡುಗಿಯರ ಕಡೆ ತಿರುಗಿದರು. "ಈಕೆ ಏನೇನು ತಪ್ಪು ಮಾಡಿದ್ಲು, ಹೇಳಿ."

"ಕೈ ತೊಳೀಲಿಲ್ಲ ಮೇಡಂ."

"ತಾನು ಯಾರು ಅಂತ ಹೇಳ್ಲಿಲ್ಲ."

"ಪೇಷಂಟ್ ಎದುರಿಗೇ ಪೇಷಂಟ್ ಸಾಯ್ತಾ ಇದ್ದಾರೆ ಅಂತ ಕಿರುಚಿದ್ಲು!"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ, ಆಗಲೇ ಫೇಲ್.

"ಸರಿ. ಸರಿಯಾಗಿ ಮಾಡಿದ್ದೇನು?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಳಗೆ ಬಂದ್ಲು," ಎಂದರು ಮೇಡಂ. "ನೀವೆಲ್ಲ ನನ್ನ ಗಂಟೆಗೆ ಕಾಯ್ತಾ ನಿಂತಿದ್ರಿ."

ಆಗ ಕನ್ನಡಕದವನು ಮೆಲ್ಲಗೆ ಕೆಮ್ಮಿದ. ನಾನು ಕೆಳಗೆ ನೋಡಿದೆ. ಅವನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡಬೇಕಾದವರು ಯಾರು ಎಂಬುದು ಇಬ್ಬರಿಗೂ ತಿಳಿದಂತಿರಲಿಲ್ಲ.

ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸ್ಕೂಲ್ ನೋಡೋಕೆ ಹೋಗಿದ್ಯೋ, ಗಂಡು ನೋಡೋಕೆ ಹೋಗಿದ್ಯೋ?"

"ಛೇ, ಅವರಿಗೆ ಅಪೆಂಡಿಕ್ಸ್ ಅತ್ತಿಗೆ," ಎಂದುಬಿಟ್ಟೆ.

ಮರುವಾರ ಅರ್ಜಿ ಹಾಕಿದೆ. ನಮ್ಮೂರಿನ ಸ್ಕೂಲಿಗೇ. ಮನೆಗೆ ಹತ್ತಿರ, ಆಸ್ಪತ್ರೆ ಪಕ್ಕದಲ್ಲೇ ಇರುವುದರಿಂದ ಮೊದಲ ವರ್ಷವೇ ವಾರ್ಡ್ ನೋಡಬಹುದು, ಮಾತಾಡುವ ರೋಗಿಗಳ ಜೊತೆ ಕಲಿಯಬಹುದು ಎಂದು ಅಣ್ಣನಿಗೆ ಒಂದೊಂದಾಗಿ ಕಾರಣ ಕೊಟ್ಟೆ. ಎಲ್ಲವೂ ನಿಜವೇ. ಅತ್ತಿಗೆ ಮಾತ್ರ ಬಾಗಿಲಿಗೆ ಒರಗಿ, "ಇನ್ನೊಂದು ಕಾರಣ ಬಿಟ್ಟೆಯಲ್ಲ" ಎಂದರು. ನಾನು ಕೆನ್ನೆ ಮುಟ್ಟಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

*

ಶನಿವಾರದ ಪಾಠಕ್ಕೆ ಮೇಡಂ ಮಾಡಿದ ಕಟ್ಟಳೆಗಳಿದ್ದವು. ಪೇಷಂಟ್ ಆಗುವವರಿಗೆ ಮುಂಚೆಯೇ ಒಂದು ಕಾರ್ಡ್ ಕೊಡುತ್ತಿದ್ದರು: ಇಂಥ ಕಾಯಿಲೆ, ಇಷ್ಟು ದಿನದಿಂದ, ಇಲ್ಲಿ ನೋವು. ಗಂಟೆ ಬಾರಿಸಿದಾಗ ಪೇಷಂಟ್ ಆಗಬೇಕು, ಮತ್ತೆ ಬಾರಿಸುವವರೆಗೆ ಪೇಷಂಟ್ ಆಗಿಯೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಎದೆನೋವಿದ್ದರೂ ಸರಿ, ವಿದ್ಯಾರ್ಥಿನಿ ಎದೆಯ ಬಗ್ಗೆ ಕೇಳದಿದ್ದರೆ ಬಾಯಿ ಬಿಡುವಂತಿಲ್ಲ.

"ನಿಜವಾದ ರೋಗಿಗಳೂ ಹಾಗೇ ಇರ್ತಾರೆ," ಎನ್ನುತ್ತಿದ್ದರು ಮೇಡಂ. "ಅದಕ್ಕೇ ಕೊನೇಲಿ ಒಂದು ಪ್ರಶ್ನೆ ಇದೆ. ಎಲ್ಲಾ ಕೇಳಿ ಮುಗಿದ ಮೇಲೆ, ಏಳೋಕೆ ಮುಂಚೆ, ಕಣ್ಣಲ್ಲಿ ಕಣ್ಣಿಟ್ಟು ಕೇಳ್ಬೇಕು: ಇನ್ನೇನಾದ್ರೂ ಹೇಳೋದಿದೆಯಾ? ಆಮೇಲೆ ಸುಮ್ನೆ ಕೂತ್ಕೋಬೇಕು. ಅರ್ಧ ಕಾಯಿಲೆ ಆ ಪ್ರಶ್ನೆ ಹಿಂದೆನೇ ಅಡಗಿರುತ್ತೆ."

ನಾನು ಆ ಪ್ರಶ್ನೆಯನ್ನು ಪ್ರತಿಸಲವೂ ಬಿಡುತ್ತಿದ್ದೆ.

ಬೇಕೆಂದು ಬಿಡುತ್ತಿರಲಿಲ್ಲ. ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಕ್ರಮವಾಗಿ ಮಾಡುವ ಆತಂಕದಲ್ಲಿ ನನ್ನ ಬೆನ್ನು ಒದ್ದೆಯಾಗಿರುತ್ತಿತ್ತು. ಊಟ, ನಿದ್ದೆ, ಜ್ವರ, ನೋವು ಎಲ್ಲ ಕೇಳಿ ಮುಗಿದ ತಕ್ಷಣ, ಸದ್ಯ ಪಾರಾದೆ ಎಂದು ಥ್ಯಾಂಕ್ಸ್ ಹೇಳಿ ಎದ್ದುಬಿಡುತ್ತಿದ್ದೆ. ಮಂಚದ ಮೇಲೆ ಅವನಿದ್ದರೆ, ನಾನು ಏಳುವ ಆ ಗಳಿಗೆಯಲ್ಲಿ ಅವನ ಮುಖ ನೋಡಬೇಕಿತ್ತು. ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋದ ಬಸ್ಸನ್ನು ನೋಡುವವರ ಮುಖ.

"ಮತ್ತೆ ಬಿಟ್ಟೆ," ಎನ್ನುತ್ತಿದ್ದರು ಮೇಡಂ, ಗಂಟೆ ಬಾರಿಸಿ.

ಅವನು ಒಂದು ವಾರ ಉಬ್ಬಸದ ಮುದುಕ, ಇನ್ನೊಂದು ವಾರ ಕಾಲು ಮುರಿದ ಕುಡುಕ, ಮತ್ತೊಂದು ವಾರ ಹೆಂಡತಿಯ ಹೆರಿಗೆ ನೋಡಿ ತಲೆ ಸುತ್ತಿ ಬಿದ್ದ ಗಂಡ. ಹುಡುಗಿಯರು ಅವನಿಗೆ 'ಪರ್ಮನೆಂಟ್ ಪೇಷಂಟ್' ಎಂದು ಹೆಸರಿಟ್ಟಿದ್ದರು. ಎಲ್ಲರನ್ನೂ 'ಸಿಸ್ಟರ್, ಸಿಸ್ಟರ್' ಎಂದು ಬಾಯಿ ತುಂಬ ಕರೆಯುತ್ತಿದ್ದವನು ನನ್ನ ಸರದಿ ಬಂದರೆ ಮಾತ್ರ "ಏನ್ರೀ" ಎನ್ನುತ್ತಿದ್ದ.

"ಪೇಷಂಟ್ ನರ್ಸನ್ನ ಸಿಸ್ಟರ್ ಅನ್ಬೇಕಪ್ಪ," ಎಂದರು ಮೇಡಂ ಒಮ್ಮೆ.

"ಕಾರ್ಡಲ್ಲಿ ಹಾಗೇನೂ ಬರ್ದಿಲ್ಲ ಮೇಡಂ," ಎಂದ. ಉಬ್ಬಸದ ಮುದುಕನ ದನಿಯಲ್ಲೇ.

ಪರದೆಯ ಹಿಂದೆ ಕಿಸಿಕಿಸಿ. ನಾನು ಥರ್ಮಾಮೀಟರನ್ನು ತಲೆಕೆಳಗಾಗಿ ಹಿಡಿದು ಓದಲು ಪ್ರಯತ್ನಿಸುತ್ತಿದ್ದೆ.

ಥರ್ಮಾಮೀಟರನ್ನು ನೆಟ್ಟಗೆ ಹಿಡಿದರೂ ಗೆರೆಗಳು ನನಗೆ ಮಸುಕಾಗಿಯೇ ಕಾಣುತ್ತಿದ್ದವು ಎಂಬುದನ್ನು ಮೇಡಂ ಕಂಡುಹಿಡಿದರು. ಔಷಧಿಯ ಅಳತೆ ತಪ್ಪಿದರೆ ಗತಿಯೇನು ಎಂದು ಗದರಿ, ಕನ್ನಡಕ ಹಾಕಿಸಿಕೊಂಡು ಬಾ ಎಂದು ಕಳಿಸಿದರು. ಊರಿನಲ್ಲಿ ಕನ್ನಡಕದ ಅಂಗಡಿ ಇದ್ದದ್ದು ಒಂದೇ.

ಚಿಕ್ಕ ಅಂಗಡಿ. ಮೂರು ಗೋಡೆಗೂ ಕನ್ನಡಿ, ಕನ್ನಡಿಯ ಮುಂದೆ ಖಾಲಿ ಫ್ರೇಮುಗಳು. ಎಲ್ಲಿ ನೋಡಿದರೂ ನಾನೇ, ಎಲ್ಲ ಕಡೆಯೂ ಗಾಬರಿಯಾಗಿದ್ದೆ.

"ಇವತ್ತು ನೀವು ಪೇಷಂಟು," ಎಂದ ಅವನು, ಸ್ಟೂಲು ತೋರಿಸುತ್ತಾ. ಭಾರದ ಒಂದು ಕಬ್ಬಿಣದ ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿದ. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವಾಗ ಅವನ ಬೆರಳು ತಾಕದ ಹಾಗೆ ಎಷ್ಟು ಎಚ್ಚರಿಕೆ ವಹಿಸಿದನೆಂದರೆ, ತಾಕಿದ್ದರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಒಂದು ಗಾಜು ಹಾಕಿದ. "ಅಕ್ಷರ ನೋಡಿ. ಇದ್ರಲ್ಲಿ ಚೆನ್ನಾಗಿದೆಯಾ..." ಗಾಜು ಬದಲಿಸಿದ. "ಅದ್ರಲ್ಲಾ?"

"ಎರಡೂ ಚೆನ್ನಾಗಿದೆ."

"ಹಾಗಾಗಲ್ಲ ರೀ. ಒಂದನ್ನ ಆರಿಸ್ಬೇಕು. ಇದಾ, ಅದಾ?"

"ಮೊದಲನೇದು... ಅಲ್ಲ, ಎರಡನೇದು. ಇನ್ನೊಂದ್ಸಲ ತೋರಿಸ್ತೀರಾ? ತಪ್ಪು ಹೇಳಿದ್ರೆ?"

"ತಪ್ಪು ಅಂತ ಏನಿಲ್ಲ. ಇದು ಪರೀಕ್ಷೆ ಅಲ್ಲ."

"ಅಕ್ಷರ ಓದೋಕೆ ಬರ್ದಿದ್ರೆ ಫೇಲ್ ತಾನೇ?"

"ಫೇಲಾದವರೇ ನನ್ನ ಗಿರಾಕಿಗಳು," ಎಂದ. "ಪಾಸಾದವರು ಈ ಕಡೆ ತಲೆ ಹಾಕಿ ಮಲಗಲ್ಲ."

ನಾನು ನಕ್ಕೆ. ನಗುವಾಗ ಫ್ರೇಮು ಜಾರಿತು, ಅವನು ಹಿಡಿದ. ಅಷ್ಟು ಹತ್ತಿರದಿಂದ, ಅಷ್ಟು ಸರಿಯಾದ ಗಾಜಿನಲ್ಲಿ ಅವನ ಮುಖವನ್ನು ಮೊದಲ ಸಲ ನೋಡಿದೆ. ಎಡ ಹುಬ್ಬಿನ ಕೊನೆಯಲ್ಲಿ ಸಣ್ಣ ಮಚ್ಚೆ. ಕಣ್ಣಿನಲ್ಲಿ ಅದೇ ಮೊದಲ ದಿನದ ಆಶ್ಚರ್ಯ.

"ಈಗ ಸ್ಪಷ್ಟವಾಗಿ ಕಾಣ್ತಿದೆಯಾ?" ಎಂದ.

"ಕಾಣ್ತಿದೆ," ಎಂದೆ. ಅಕ್ಷರಗಳ ಹಲಗೆ ಅವನ ಬೆನ್ನ ಹಿಂದೆ ಮರೆಯಾಗಿತ್ತು.

*

ಹೀಗೆ ಓದು ಕೊನೆಯ ವರ್ಷಕ್ಕೆ ಬಂತು. ಶನಿವಾರ ಸಂಜೆ ಅವನು ಮಾರ್ಕೆಟ್ ಮೂಲೆಯವರೆಗೆ ನನ್ನ ಜೊತೆ ನಡೆಯುತ್ತಿದ್ದ. ಏನೇನೋ ಮಾತಾಡುತ್ತಿದ್ದೆವು. ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಊರೆಲ್ಲ ಹುಡುಕಿದ ಗಿರಾಕಿ, ಮೊದಲ ಇಂಜೆಕ್ಷನ್ ಕೊಡುವಾಗ ರೋಗಿಗಿಂತ ಮೊದಲು "ಅಮ್ಮಾ" ಎಂದ ನಾನು. ಆದರೆ ನಮ್ಮಿಬ್ಬರ ವಿಷಯಕ್ಕೆ ಬಂದರೆ ಅವನು ಒಂದು ಮಾತೂ ಎತ್ತುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರಿಸುತ್ತಿದ್ದ, ನಗುತ್ತಿದ್ದ, ಮೂಲೆ ಬಂದ ಮೇಲೆ ನಿಲ್ಲುತ್ತಿದ್ದ. ನಾನೇನು ಕೇಳಲಿ? ಕೇಳಿ, ಅವನು "ಹಾಗೇನೂ ಇಲ್ಲವಲ್ಲ" ಎಂದುಬಿಟ್ಟರೆ ಮುಂದಿನ ಶನಿವಾರ ಯಾವ ಮುಖ ಇಟ್ಟುಕೊಂಡು ಅವನ ನಾಡಿ ಹಿಡಿಯಲಿ?

ಆಗ ದೊಡ್ಡ ನಗರದ ಆಸ್ಪತ್ರೆಯವರು ನಮ್ಮ ಸ್ಕೂಲಿಗೆ ಬಂದು ಸಂದರ್ಶನ ಮಾಡಿದರು. ನಾನು ಆಯ್ಕೆಯಾದೆ. ತಪ್ಪಾಗಿ ನನ್ನ ಹೆಸರು ಕೂಗಿದ್ದಾರೆಂದು ತಿಳಿದು, ಹೋಗಿ ವಿಚಾರಿಸಿ ಬಂದೆ. ತಪ್ಪಾಗಿರಲಿಲ್ಲ. ಅಣ್ಣ ವ್ಯಾನಿನ ಹಾರನ್ ಬಾರಿಸುತ್ತಾ ಬೀದಿಗೆಲ್ಲ ಸುದ್ದಿ ಹಂಚಿದ. ನಮ್ಮೂರಿನ ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರ್ ಕೂಡ, "ನಮ್ಮ ವಾರ್ಡಲ್ಲೂ ಒಂದು ಜಾಗ ಇದೆ ಕಣಮ್ಮ, ಯೋಚ್ನೆ ಮಾಡಿ ಹೇಳು" ಎಂದಿದ್ದರು. ಮುಂದಿನ ವಾರ ಇಬ್ಬರಿಗೂ ಉತ್ತರ ಕೊಡಬೇಕಿತ್ತು.

ಇದಾ, ಅದಾ?

ಆ ಶನಿವಾರ ಮಾರ್ಕೆಟ್ ಮೂಲೆಯಲ್ಲಿ ಅವನಿಗೆ ಹೇಳಿದೆ. "ದೊಡ್ಡ ಆಸ್ಪತ್ರೆಯಿಂದ ಕೆಲಸಕ್ಕೆ ಕರೆದಿದ್ದಾರೆ."

ಅವನು ಜೇಬಿನಿಂದ ಯಾರದೋ ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಅದನ್ನು ಒರೆಸಿದ. "ಒಳ್ಳೇದಾಯ್ತು," ಎಂದ.

ಅಷ್ಟೇ.

ಮನೆಗೆ ಬಂದು, ಆಗಲೇ ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿದೆ. ಅತ್ತಿಗೆ ಬಂದು ಪಕ್ಕದಲ್ಲಿ ಕುಳಿತರು.

"ಏನಂದ?"

"ಒಳ್ಳೇದಾಯ್ತು ಅಂದ್ರು."

"ನೀನೇನು ಕೇಳ್ದೆ?"

"ಕೇಳ್ಲಿಲ್ಲ. ಹೇಳ್ದೆ."

"ಓಹೋ!" ಅತ್ತಿಗೆ ಹಣೆ ಚಚ್ಚಿಕೊಂಡರು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಇಲ್ಲಿ ಕೊಡೋನೂ ಕೋಡಂಗಿ, ಇಸ್ಕೊಳ್ಳೋಳೂ ಕೋಡಂಗಿ."

ನನಗೆ ನಗು ಬರಲಿಲ್ಲ. ಉಳಿಯಿರಿ ಎನ್ನಬಹುದಿತ್ತಲ್ಲ. ಹೋಗಬೇಡಿ ಎಂದು ಒಂದು ಮಾತು. ಅಷ್ಟು ಶನಿವಾರ ನರಳಿದವನಿಗೆ ನಿಜವಾಗಿ ಒಂದು ಸಲ ನರಳಲು ಬಾರದೇ?

*

ಆಗ ನನ್ನ ಕೊನೆಯ ಪೋಸ್ಟಿಂಗ್ ಇದ್ದದ್ದು ಹೆಂಗಸರ ಸರ್ಜರಿ ವಾರ್ಡಿನಲ್ಲಿ. ಕಿಟಕಿಯ ಪಕ್ಕದ ಮಂಚದಲ್ಲಿ, ಹೊಟ್ಟೆಯ ಆಪರೇಷನ್ ಆಗಿದ್ದ ಆ ಅಜ್ಜಿ. ಒಳ್ಳೆಯ ಅಜ್ಜಿ. ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಉತ್ತರ.

ಸೋಮವಾರ ಬೆಳಿಗ್ಗೆ ರೌಂಡಿಗೆ ಹೋದೆ. "ಹೊಟ್ಟೆ ನೋವಿದೆಯಾ ಅಜ್ಜಿ?" "ಇಲ್ಲ." "ಹೊಲಿಗೆ ಹತ್ರ ಉರಿ?" "ಇಲ್ಲ." "ಊಟ ಸೇರ್ತಾ?" "ಸೇರ್ತು." ಎಲ್ಲ ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಎದ್ದೆ.

ಎದ್ದವಳು ಯಾಕೋ ಅಜ್ಜಿಯ ಮುಖ ನೋಡಿದೆ.

ಆ ಮುಖ ನನಗೆ ಗೊತ್ತಿತ್ತು. ನಿಲ್ಲಿಸದೆ ಹೋದ ಬಸ್ಸನ್ನು ನೋಡುವವರ ಮುಖ. ಎಷ್ಟು ಶನಿವಾರ ಕಬ್ಬಿಣದ ಮಂಚದ ಮೇಲೆ ಅದನ್ನು ನೋಡಿದ್ದೆ!

ಮತ್ತೆ ಕುಳಿತೆ. "ಇನ್ನೇನಾದ್ರೂ ಹೇಳೋದಿದೆಯಾ ಅಜ್ಜಿ?" ಎಂದೆ. ಆಮೇಲೆ ಸುಮ್ಮನಿದ್ದೆ. ಆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವತ್ತೇ ತಿಳಿಯಿತು.

"ಹೇಳೋದೇನು ಮಗಾ," ಎಂದರು ಅಜ್ಜಿ ಕೊನೆಗೆ. "ಈ ಎಡಗಾಲಿನ ಹಿಂಭಾಗ ನಿನ್ನೆಯಿಂದ ಹಿಡ್ಕೊಂಡಂಗೆ ಆಗಿದೆ. ಸ್ವಲ್ಪ ಒತ್ತಿಬಿಡ್ತೀಯಾ?"

ಹೊದಿಕೆ ಸರಿಸಿದೆ. ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಾಗಿತ್ತು. ಮುಟ್ಟಿದರೆ ಬಿಸಿ. ನನ್ನ ಕೈ ಒತ್ತಲು ಮುಂದೆ ಹೋಗಿ ನಿಂತಿತು. ಆಪರೇಷನ್ ಆದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಒತ್ತಿದರೆ ಅದು ಸರಿದು ಶ್ವಾಸಕೋಶಕ್ಕೆ ಹೋಗಬಹುದು ಎಂದು ಮೇಡಂ ಹೇಳಿಕೊಟ್ಟದ್ದು ನೆನಪಾಯಿತು.

"ಒತ್ತಲ್ಲ ಅಜ್ಜಿ. ನೀವು ಏಳ್ಬೇಡಿ, ಕಾಲು ಅಲ್ಲಾಡಿಸ್ಬೇಡಿ. ನಾನು ಈಗ ಬಂದೆ."

ಈ ಸಲ ಕಿರುಚಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬಳಿಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದೆ. ಡ್ಯೂಟಿ ಡಾಕ್ಟರ್ ಬಂದರು, ಸ್ಕ್ಯಾನ್ ಆಯಿತು. ಹೆಪ್ಪು ಇತ್ತು. ಔಷಧಿ ಶುರುವಾಯಿತು. ಮಧ್ಯಾಹ್ನ ನಾನು ಅಜ್ಜಿಯ ಪಕ್ಕ ನಿಂತು, ಕೋಪವನ್ನು ನುಂಗಿಕೊಂಡು ಕೇಳಿದೆ: "ನಿನ್ನೆಯಿಂದ ಯಾಕೆ ಹೇಳ್ಲಿಲ್ಲ?"

"ನೀವೆಲ್ಲ ಹೊಟ್ಟೆ ಬಗ್ಗೆ ಕೇಳಿದ್ರಿ, ಹೊಟ್ಟೆ ಬಗ್ಗೆ ಹೇಳ್ದೆ," ಎಂದರು ಅಜ್ಜಿ, ತಪ್ಪೇನು ಎಂಬಂತೆ. "ಕಾಲಿನ ವಿಷಯ ಯಾರು ಕೇಳಿದ್ರು? ಕೇಳ್ದೇ ಇರೋದನ್ನ ಹೇಳಿ ನಿಮಗ್ಯಾಕೆ ತೊಂದ್ರೆ ಕೊಡ್ಲಿ?"

ಅವರ ಹೊದಿಕೆಯನ್ನು ಪಾದದವರೆಗೆ ಎಳೆದೆ. ಅವರು ಅಷ್ಟು ಹೊತ್ತು ನೋವು ನುಂಗಿಕೊಂಡಿದ್ದದ್ದು ನನಗೆ ತೊಂದರೆಯಾಗಬಾರದೆಂದು.

ಡ್ಯೂಟಿ ಮುಗಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಕೋಣೆಗೆ ಹೋದೆ. "ನಾನು ಇಲ್ಲೇ ಸೇರ್ತೀನಿ ಸಿಸ್ಟರ್," ಎಂದೆ. ಇದನ್ನು ಹೇಳುವಾಗ ನನ್ನ ತಲೆಯಲ್ಲಿದ್ದದ್ದು ಕನ್ನಡಕದವನಲ್ಲ. ದೇವರಾಣೆ, ಕಿಟಕಿ ಪಕ್ಕದ ಆ ಮಂಚ. ಆ ಅಜ್ಜಿ ನಮ್ಮ ಹಿಂದಿನ ಬೀದಿಯವರು. ನಾಳೆ ಗುಣವಾಗಿ ನಡೆದುಹೋಗುವುದನ್ನೂ ನಾನು ನೋಡಬೇಕಿತ್ತು. ಆರಿಸಿದ ಮೇಲೆ ನೋಡಿದರೆ, ಬೆನ್ನು ಒದ್ದೆಯಾಗಿರಲಿಲ್ಲ.

ಅಲ್ಲಿಂದ ನೇರ ಮಾರ್ಕೆಟ್ ಮೂಲೆಗೆ ನಡೆದೆ.

*

ಅಂಗಡಿಯಲ್ಲಿ ಅವನು ಒಂದು ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುತ್ತಿದ್ದ. ಸ್ಟೂಲಿನ ಮೇಲೆ ವಯಸ್ಸಾದ ಗಿರಾಕಿಯೊಬ್ಬರು ಕುಳಿತಿದ್ದರು. ನಾನು ಬಾಗಿಲಲ್ಲೇ ತಡವರಿಸಿದೆ.

"ಬಾಮ್ಮ, ಬಾ," ಎಂದರು ಅವರು, ನಾನಿಲ್ಲದ ಕಡೆ ನೋಡುತ್ತಾ. "ನನ್ನ ಕನ್ನಡಕ ಇವನ ಕೈಲಿದೆ. ನನಗೇನೂ ಕಾಣ್ಸಲ್ಲ, ನೀವು ಮಾತಾಡ್ಕೊಳ್ಳಿ."

"ಕೇಳ್ಸುತ್ತಾ ತಾತ?"

"ಅದು ಚೆನ್ನಾಗಿ ಕೇಳ್ಸುತ್ತೆ."

ಇರಲಿ ಎಂದುಕೊಂಡೆ. ಮೂಲೆಯ ಬೇಸಿನ್ನಿನಲ್ಲಿ ಕೈ ತೊಳೆದೆ. ಒರೆಸಿಕೊಂಡೆ. ಇನ್ನೊಂದು ಕುರ್ಚಿ ಎಳೆದು ಅವನ ಎದುರಿಗೆ ಕುಳಿತೆ.

"ನಮಸ್ಕಾರ. ನಾನು ನಿಮ್ಮ ನರ್ಸು. ಕೆಲವು ಪ್ರಶ್ನೆ ಕೇಳ್ಬಹುದಾ?"

ಅವನು ಫ್ರೇಮು ಕೆಳಗಿಟ್ಟ. ಮುಖದಲ್ಲಿ ಆ ಆಶ್ಚರ್ಯ. "ಕೇಳಿ."

"ಏನು ತೊಂದ್ರೆ?"

"ಕಣ್ಣು."

"ಕಣ್ಣಿಗೇನಾಗಿದೆ?"

"ಶನಿವಾರ ಬಂದ್ರೆ ಬಾಗಿಲ ಕಡೆಗೇ ಹೋಗುತ್ತೆ. ಬೇರೆ ಕಡೆ ತಿರುಗಲ್ಲ."

"ಯಾವಾಗಿಂದ?"

"ಒಬ್ಬರು ಕೈ ತೊಳೀದೆ ಒಳಗೆ ಬಂದ ದಿನದಿಂದ."

ತಾತ ಗಂಟಲು ಸರಿಮಾಡಿಕೊಂಡರು. ನಾನು ಅವರ ಕಡೆ ತಿರುಗಲಿಲ್ಲ. ಕ್ರಮವನ್ನೂ ತಪ್ಪಲಿಲ್ಲ.

"ಊಟ ಸೇರ್ತಾ ಇದೆಯಾ?"

"ಮೊನ್ನೆ ಶನಿವಾರದಿಂದ ಇಲ್ಲ."

"ನಿದ್ದೆ?"

"ಅದೂ ಇಲ್ಲ."

ಎಲ್ಲ ಮುಗಿಯಿತು. ಏಳುವ ಗಳಿಗೆ ಬಂತು. ನಾನು ಏಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ:

"ಇನ್ನೇನಾದ್ರೂ ಹೇಳೋದಿದೆಯಾ?"

ಅವನು ಉಸಿರು ಬಿಟ್ಟ. ಬಹಳ ದಿನದಿಂದ ಹೊತ್ತದ್ದನ್ನು ಇಳಿಸಿದವನ ಹಾಗೆ.

"ಇದೆ. ನೀವಂದ್ರೆ ನನಗಿಷ್ಟ. ತುಂಬಾ ಇಷ್ಟ. ಎಷ್ಟು ಸಲ ಮಂಚದ ಮೇಲೆ ಮಲಗಿ ಕಾದಿದ್ದೀನಿ, ಈ ಸಲ ಕೇಳ್ತೀರ, ಈ ಸಲ ಕೇಳ್ತೀರ ಅಂತ. ನೀವು ಪ್ರತಿಸಲ ಥ್ಯಾಂಕ್ಸ್ ಹೇಳಿ ಎದ್ದು ಹೋಗ್ತಿದ್ರಿ."

"ಮತ್ತೆ ಮೊನ್ನೆ ಯಾಕೆ ಹೇಳ್ಲಿಲ್ಲ? ಒಳ್ಳೇದಾಯ್ತು ಅಂದ್ರಲ್ಲ!"

"ಉಳೀರಿ ಅಂದಿದ್ರೆ ಉಳೀತಿದ್ರಿ. ಆಮೇಲೆ ಜೀವನ ಪೂರ್ತಿ, ಅದು ನಾನು ಆರಿಸಿದ್ದೋ ಇವನು ಆರಿಸಿದ್ದೋ ಅಂತ ತಲೆ ಕೆಡಿಸ್ಕೊಳ್ತಿದ್ರಿ. ಗಾಜು ನಾನು ಬದಲಿಸಬಹುದು ರೀ. ಯಾವುದರಲ್ಲಿ ಚೆನ್ನಾಗಿ ಕಾಣ್ತಿದೆ ಅಂತ ನೋಡೋರೇ ಹೇಳ್ಬೇಕು."

ಕಣ್ಣು ತುಂಬಿ ಬಂದು, ಅವನೇ ಹಾಕಿಕೊಟ್ಟ ಗಾಜಿನಲ್ಲೂ ಅವನು ಮಸುಕಾದ.

"ನಾನು ಆರಿಸಿ ಆಯ್ತು," ಎಂದೆ. "ಇಲ್ಲಿಗೆ ಬರೋ ಮುಂಚೆನೇ. ನಮ್ಮ ವಾರ್ಡಿಗೇ ಸೇರ್ತೀನಿ ಅಂತ ಹೇಳಿ ಬಂದೆ. ನಿಮಗೋಸ್ಕರ ಅಲ್ಲ. ಒಂದು ಅಜ್ಜಿ ಕಾಲಿಗೋಸ್ಕರ."

ಅವನು ತಬ್ಬಿಬ್ಬಾಗಿ ನೋಡಿದ, ಆಮೇಲೆ ನಕ್ಕ. ನಗು ಮುಗಿದ ಮೇಲೂ ಮುಖದಲ್ಲಿ ಏನೋ ಉಳಿದಿತ್ತು. ಒಂದು ಸಲ ಕಲಿತ ಮೇಲೆ ಆ ಮುಖ ಬೇಗ ಗೊತ್ತಾಗುತ್ತದೆ.

"ಇನ್ನೇನಾದ್ರೂ ಹೇಳೋದಿದ್ಯಾ?" ಎಂದೆ ಮತ್ತೆ.

ಅವನು ಕಿವಿ ಕೆರೆದುಕೊಂಡ. "ಅದು... ನಿನ್ನೆ ಆ ನಗರಕ್ಕೆ ಹೋಗಿದ್ದೆ. ನಿಮ್ಮ ದೊಡ್ಡ ಆಸ್ಪತ್ರೆ ಎದುರಿಗೆ ಒಂದು ಕನ್ನಡಕದ ಅಂಗಡಿ ಇದೆ. ಕೆಲಸಕ್ಕೆ ಜನ ಬೇಕಾ ಅಂತ ಕೇಳಿ ಬಂದೆ. ಅಲ್ಲೂ ಜನಕ್ಕೆ ಕಣ್ಣು ಕಾಣಲ್ಲ ತಾನೇ?"

"ಇದನ್ನೂ ಹೇಳ್ತಿರ್ಲಿಲ್ವಾ?"

"ನೀವು ಕೇಳಿರ್ಲಿಲ್ವಲ್ಲ."

ಸ್ಟೂಲಿನ ಮೇಲಿನಿಂದ ತಾತ ಕೈ ಚಾಚಿದರು. "ಮಗೂ, ಆ ಕನ್ನಡಕ ಇತ್ತ ಕೊಡಪ್ಪ. ಈ ಹುಡುಗಿ ಮುಖ ಒಂದ್ಸಲ ನೋಡ್ಬೇಕು ನಾನು."

ಕೊಡಲು ಅವನ ಕೈ ಖಾಲಿ ಇರಲಿಲ್ಲ. ನಾನು ಹಿಡಿದುಕೊಂಡಿದ್ದೆ. ಈ ಸಲ ತೊಳೆದ ಕೈಯಿಂದ.

*

ಅಜ್ಜಿ ಗುಣವಾಗಿ ನಡೆದೇ ಮನೆಗೆ ಹೋದರು. ನಾನು ಅದೇ ವಾರ್ಡಿನಲ್ಲಿ ಈಗ ಸ್ಟಾಫ್ ನರ್ಸ್. ಕನ್ನಡಕದವನೂ ನಾನೂ ಮಾರ್ಕೆಟ್ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದೇವೆ. ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವಾಗ ಅವನು ಬಾಗಿಲಿಗೆ ಬಂದು ಊಟ, ದಣಿವು ಎಲ್ಲ ವಿಚಾರಿಸಿ, ಕೊನೆಗೆ "ಇನ್ನೇನಾದ್ರೂ ಹೇಳೋದಿದ್ಯಾ?" ಎನ್ನುತ್ತಾನೆ. ನನಗೆ ಯಾವಾಗಲೂ ಇರುತ್ತದೆ. ಶನಿವಾರ ಈಗಲೂ ಸ್ಕೂಲಿಗೆ ಹೋಗಿ ನರಳುತ್ತಾನೆ. ಹೊಸ ಹುಡುಗಿಯರನ್ನೆಲ್ಲ 'ಸಿಸ್ಟರ್' ಎನ್ನುತ್ತಾನಂತೆ. ಮೇಡಂ ಹೇಳಿದರು.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ಅಪೆಂಡಿಕ್ಸಿನ ರೋಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿರಬೇಕು. ಆ ಮೊದಲ ದಿನ ಅವನು ನನ್ನ ಕೈಯನ್ನು ಬಿಗಿಯಾಗಿ ಹಿಡಿದದ್ದು ಕಾರ್ಡಿನಲ್ಲಿತ್ತೇ? ಕೇಳಿದರೆ, "ಇತ್ತು" ಎನ್ನುತ್ತಾನೆ, ಮುಖ ತಿರುಗಿಸಿ. ಮೇಡಂ ನೆನಪಿಲ್ಲ ಎನ್ನುತ್ತಾರೆ. ಅವನು ಹಾಗೆ ಹಿಡಿಯದಿದ್ದರೆ, ಅಥವಾ ಆ ಬಾಗಿಲು ಪೂರ್ತಿ ಮುಚ್ಚಿದ್ದಿದ್ದರೆ, ನಾನು ಹಿತ್ತಲಿನ ಈ ಸ್ಕೂಲನ್ನೇ ಆರಿಸುತ್ತಿದ್ದೆನೇ? ಅಣ್ಣನಿಗೆ ಕೊಟ್ಟ ಕಾರಣಗಳೆಲ್ಲ ನಿಜವಾಗಿದ್ದವು. ಆದರೂ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಿಲ್ಲ.